ಬೇಡ ಎನ್ನಲು ಬಾರದವನು

ತರಗತಿಯಲ್ಲಿ ಒಬ್ಬೊಬ್ಬರಾಗಿ ಎದ್ದು ಪಾಠ ಓದಬೇಕಿತ್ತು, ಒಬ್ಬರಿಗೆ ಒಂದು ಪ್ಯಾರಾ. ನಾನು ಮುಂದೆ ಕೂತವರ ತಲೆ ಎಣಿಸಿ, ಪುಸ್ತಕದಲ್ಲಿ ಅಷ್ಟೇ ಪ್ಯಾರಾ ಕೆಳಗಿಳಿದು, ನನ್ನ ಪಾಲಿನದು ಯಾವುದೆಂದು ಮೊದಲೇ ಹುಡುಕಿಡುತ್ತಿದ್ದೆ. ಅದರಲ್ಲಿ ಪ, ಬ, ಕ ಅಕ್ಷರಗಳಿಂದ ಶುರುವಾಗುವ ಪದ ಎಷ್ಟಿವೆ ಎಂದು ನೋಡುವುದು. ಮೂರಕ್ಕಿಂತ ಹೆಚ್ಚಿದ್ದರೆ ಹೊಟ್ಟೆನೋವು. ಹೊರಗೆ ಹೋಗಲು ಬೆರಳೆತ್ತಿದರೆ ಸಾಕಿತ್ತು, ಬಾಯಿ ಬಿಡಬೇಕಿರಲಿಲ್ಲ. ಈ ಲೆಕ್ಕದಲ್ಲೇ ಮುಳುಗಿರುತ್ತಿದ್ದ ನನಗೆ ಉಳಿದವರು ಏನು ಓದಿದರೆಂದು ಒಂದು ದಿನವೂ ಕಿವಿಗೆ ಬಿದ್ದದ್ದಿಲ್ಲ.

ಎಲ್ಲರೂ ಒಟ್ಟಿಗೆ ಪದ್ಯ ಹೇಳುವಾಗ ಮಾತ್ರ ನನ್ನ ನಾಲಿಗೆ ಎಲ್ಲೂ ತಡೆಯುತ್ತಿರಲಿಲ್ಲ. ಉಗ್ಗುವವರಲ್ಲಿ ಹೆಚ್ಚಿನವರಿಗೆ ಹಾಡುವಾಗ, ಗುಂಪಿನಲ್ಲಿ ದನಿಗೂಡಿಸುವಾಗ ಮಾತು ಸರಾಗ. ಅದು ಆಗ ನನಗೂ ಗೊತ್ತಿರಲಿಲ್ಲ, ಮೇಷ್ಟ್ರಿಗೂ ಗೊತ್ತಿರಲಿಲ್ಲ. ‘ಬರುತ್ತೆ ಇವನಿಗೆ, ಬೇಕಂತಲೇ ಮಾಡ್ತಾನೆ’ ಎಂದುಬಿಟ್ಟರು. ಆ ಮಾತು ನನ್ನೊಳಗೆ ಬಹಳ ವರ್ಷ ಬಾಡಿಗೆ ಇಲ್ಲದೆ ವಾಸವಿತ್ತು.

ಮಕ್ಕಳಲ್ಲಿ ಸುಮಾರು ನೂರಕ್ಕೆ 5 ಮಂದಿ ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ, ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ 1ರಷ್ಟು. ನಾನು ಆ ಒಬ್ಬ. ಆದರೆ ನೋಡಿದವರು ಯಾರೂ ನನ್ನನ್ನು ಆ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾನು ಬಚ್ಚಿಡುವುದರಲ್ಲಿ ಪಳಗಿದ್ದೆ. ‘ಪುಸ್ತಕ’ ಬಾರದಿದ್ದರೆ ‘ಹೊತ್ತಗೆ’. ‘ಬುಧವಾರ’ ಬಾರದಿದ್ದರೆ ‘ನಾಡಿದ್ದು’, ಅದೂ ಹೊಂದದಿದ್ದರೆ ‘ಗುರುವಾರದ ಹಿಂದಿನ ದಿನ’. ನನ್ನದು ಬಹಳ ಸಾಹಿತ್ಯಿಕ ಕನ್ನಡ ಎಂದು ಹೊಗಳಿದವರೂ ಇದ್ದಾರೆ!

ಹೆಸರಿಗೆ ಮಾತ್ರ ಬದಲಿ ಪದ ಇರುವುದಿಲ್ಲ. ನನ್ನದು ಪ ಅಕ್ಷರದಿಂದ ಶುರು. ಒಮ್ಮೆ ಐದು ದಿನದ ತರಬೇತಿಯೊಂದರಲ್ಲಿ ಪರಿಚಯದ ಸರದಿ ನನ್ನತ್ತ ಬಂದಾಗ ತುಟಿ ಅಂಟಿಕೊಂಡಿತು. ಗಾಬರಿಯಲ್ಲಿ ಬಾಯಿಗೆ ಬಂದ ಇನ್ನೊಂದು ಹೆಸರು ಹೇಳಿ ಕೂತೆ. ಐದೂ ದಿನ ಆ ಹೆಸರಿಗೆ ಓಗೊಟ್ಟೆ. ಕೊನೆಯ ದಿನ ಪ್ರಮಾಣಪತ್ರ ಕೊಡುವಾಗ ನನ್ನ ನಿಜವಾದ ಹೆಸರು ಕೂಗಿದರೆ, ಪಕ್ಕದಲ್ಲಿದ್ದವರು ‘ಅದ್ಯಾರು?’ ಎಂದು ನನ್ನನ್ನೇ ಕೇಳಿದರು. ನಗು ಬರುವಂಥದ್ದೇ. ಆ ರಾತ್ರಿ ನನಗೆ ನಗು ಬರಲಿಲ್ಲ.

ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದದ್ದು ಅದಾದ ಮೇಲೆ. ಉಗ್ಗು ಹೋಗಬೇಕು ಎಂದೆ. ಅವರು ಒಂದು ಚಿತ್ರ ಬರೆದು ತೋರಿಸಿದರು: ನೀರ್ಗಲ್ಲು, ಅಂದರೆ ಸಮುದ್ರದಲ್ಲಿ ತೇಲುವ ಮಂಜಿನ ಗುಡ್ಡ. ಜೋಸೆಫ್ ಶೀಹನ್ ಎಂಬ ಮನಶ್ಶಾಸ್ತ್ರಜ್ಞ ಕೊಟ್ಟ ಹೋಲಿಕೆಯಂತೆ. ನೀರಿನ ಮೇಲೆ ಕಾಣುವುದು ತಡವರಿಕೆ. ಕೆಳಗಿರುವ ದೊಡ್ಡ ಭಾಗ ನಾಚಿಕೆ, ಭಯ, ತಪ್ಪಿಸಿಕೊಳ್ಳುವ ಉಪಾಯಗಳು. ‘ನಿಮ್ಮದರಲ್ಲಿ ಮೇಲೆ ಏನೂ ಕಾಣ್ತಿಲ್ಲ, ಪೂರ್ತಿ ಮುಳುಗಿದೆ’ ಎಂದರು. ಮೊದಲ ಕೆಲಸವಾಗಿ ಒಂದು ವಾರ ಕಿರುಪುಸ್ತಕ ಜೇಬಿನಲ್ಲಿಟ್ಟುಕೊಂಡು, ಹೇಳಬೇಕೆಂದು ಹೇಳದೆ ಬಿಟ್ಟ ಪದಗಳನ್ನು ಬರೆಯಬೇಕಿತ್ತು. ಅದಕ್ಕಿಂತ ಕಷ್ಟದ ಬರವಣಿಗೆ ನಾನು ಮಾಡಿದ್ದಿಲ್ಲ.

ವಾರದ ಕೊನೆಗೆ ಎಣಿಸಿದೆ. ನನ್ನ ಹೆಸರು ಎರಡನೆಯ ಸ್ಥಾನದಲ್ಲಿತ್ತು. ಮೊದಲನೆಯದು ‘ಬೇಡ’.

‘ಬೇಡ’ ಎನ್ನಲು ತುಟಿ ಕೂಡಿಸಬೇಕು, ನನ್ನ ತುಟಿ ಕೂಡಿದರೆ ಬಿಡುವುದಿಲ್ಲ. ಆದ್ದರಿಂದ ‘ಆಯ್ತು’. ‘ಬರಲ್ಲ’ ಅನ್ನುವಲ್ಲಿ ‘ನೋಡ್ತೀನಿ’. ಹೀಗೆ ಆಯ್ತು ಆಯ್ತು ಎನ್ನುತ್ತಾ ಒಪ್ಪಿಕೊಂಡ ಕೆಲಸಗಳು, ಹೋಗಿಬಂದ ಪ್ರಯಾಣಗಳು, ಕೊಟ್ಟ ಸಾಲಗಳು ಎಷ್ಟೋ! ಜನ ನನ್ನನ್ನು ಮೃದು ಸ್ವಭಾವದವನು ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಆ ಸ್ವಭಾವದಲ್ಲಿ ಅರ್ಧ ಭಾಗ ಬರೀ ಬಕಾರದ ಭಯ ಎಂದು ತಿಳಿದಾಗ, ಹಾಗಾದರೆ ನಾನು ನಿಜಕ್ಕೂ ಎಂಥವನು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಮುಂದೆ ಮಾಡಿದ್ದನ್ನು ಭಯದ ಏಣಿ ಅನ್ನಬಹುದು. ಹೆದರಿಕೆಯ ಸಂದರ್ಭಗಳನ್ನೆಲ್ಲ ಬರೆದು ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕಿ, ಕಡಿಮೆಯದರಿಂದ ಹತ್ತುವುದು. ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ಓದುವುದನ್ನು ನಾನೇ ಸೇರಿಸಿಕೊಂಡಿದ್ದೆ, ಅದರಿಂದ ಏನೂ ಆಗಲಿಲ್ಲ. ಯಾರೂ ಕೇಳದಿದ್ದರೆ ನಾನು ಉಗ್ಗುವುದೇ ಇಲ್ಲ. ಕೆಲಸ ಮಾಡಿದ್ದು ಬೇಕೆಂದೇ ಉಗ್ಗುವುದು. ಅಂದರೆ, ಸಲೀಸಾಗಿ ಬರುವ ಪದದ ಮೇಲೂ ನಾನಾಗಿ ನಿಂತು, ‘ಗ-ಗ-ಗಂಟೆ ಎಷ್ಟು?’ ಎಂದು ಅಪರಿಚಿತರನ್ನು ಕೇಳುವುದು. ಚಾರ್ಲ್ಸ್ ವ್ಯಾನ್ ರೈಪರ್ ಎಂಬ ವಾಕ್ ಚಿಕಿತ್ಸಕರು ಈ ಬಗೆಯ ಚಿಕಿತ್ಸೆಗೆ ಒಂದು ರೂಪ ಕೊಟ್ಟವರು, ಅವರೂ ಉಗ್ಗುತ್ತಿದ್ದವರೇ. ಉಗ್ಗದೆ ಇರುವುದನ್ನಲ್ಲ, ಹೆಣಗದೆ ಉಗ್ಗುವುದನ್ನು ಕಲಿಸುವ ದಾರಿ ಅದು. ಬಾಲ್ಯದಲ್ಲಿ ‘ಬೇಕಂತಲೇ ಮಾಡ್ತಾನೆ’ ಅನ್ನಿಸಿಕೊಂಡಿದ್ದವನು ಈಗ ದುಡ್ಡು ಕೊಟ್ಟು ಬೇಕಂತಲೇ ಮಾಡುತ್ತಿದ್ದೆ.

ಮೊದಲ ದಿನ ಮೂವರನ್ನು ಕೇಳಬೇಕಿತ್ತು. ಒಬ್ಬರನ್ನು ಕೇಳಿ ಬೆವತು ಮನೆಗೆ ಬಂದೆ. ಅವರು ಮಾತ್ರ ಗಡಿಯಾರ ನೋಡಿ, ಗಂಟೆ ಹೇಳಿ, ಹೋಗಿದ್ದರು, ಅಷ್ಟೇ. ಮರುದಿನ ಇಬ್ಬರು. ಎಲ್ಲರೂ ಒಳ್ಳೆಯವರೇ ಸಿಕ್ಕರು ಎಂದಲ್ಲ. ಒಬ್ಬ ನನ್ನದೇ ಧಾಟಿಯಲ್ಲಿ ಅಣಕಿಸಿದ. ನಾನು ಜೀವಮಾನವಿಡೀ ಹೆದರಿದ್ದು ಅದಕ್ಕೇ. ಆಗಿಯೇಬಿಟ್ಟಿತು, ಮುಗಿದೂ ಹೋಯಿತು. ಫೋನು ಎಲ್ಲಕ್ಕಿಂತ ಕಠಿಣ, ಅಲ್ಲಿ ಮುಖ ಕಾಣದು. ನಾನು ಸಿಕ್ಕಿಕೊಂಡು ಸುಮ್ಮನಾದರೆ ಆ ಕಡೆಯವರು ಲೈನ್ ಹೋಯಿತೆಂದು ಇಟ್ಟುಬಿಡುತ್ತಾರೆ. ಎಷ್ಟೋ ಸಲ ಇಟ್ಟಿದ್ದಾರೆ. ‘ಸ್ವಲ್ಪ ಉಗ್ಗುತ್ತೇನೆ, ತಾಳ್ಮೆ ಇರಲಿ’ ಎಂದು ಮೊದಲೇ ಹೇಳಿಬಿಡುವ ಅಭ್ಯಾಸ ಅಲ್ಲಿಂದ ಬಂತು. ಹೇಳಿಬಿಟ್ಟರೆ ಅರ್ಧ ಉಗ್ಗು ಅಲ್ಲೇ ಇಳಿಯುತ್ತದೆ, ಬಚ್ಚಿಡುವ ಕೆಲಸ ಇರುವುದಿಲ್ಲವಲ್ಲ.

ಈ ನಡುವೆ ಶಾಲೆಯ ಗೆಳೆಯನೊಬ್ಬ ಸಿಕ್ಕ. ತರಗತಿಯೆಲ್ಲ ನನ್ನನ್ನು ನೋಡಿ ನಗುತ್ತಿತ್ತಲ್ಲ ಎಂದೆ. ಅವನಿಗೆ ಅದು ನೆನಪೇ ಇಲ್ಲ. ‘ನೀನು ಯಾರ ಜೊತೆನೂ ಮಾತಾಡ್ತಿರ್ಲಿಲ್ಲ ಕಣೋ, ಜಂಬ ಅಂದ್ಕೊಂಡಿದ್ವಿ’ ಎಂದ. ನಕ್ಕಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ, ಆ ನಗು ಇವತ್ತಿಗೂ ಕಿವಿಯಲ್ಲಿದೆ. ಆದರೆ ಅಷ್ಟು ಕಷ್ಟಪಟ್ಟು ನಾನು ಕಟ್ಟಿದ ವೇಷ ಆಚೆಯಿಂದ ಜಂಬದಂತೆ ಕಾಣುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮೊದಲ ‘ಬೇಡ’ ಬಂದದ್ದು ಆರು ತಿಂಗಳಾದ ಮೇಲೆ. ರಜೆಯ ದಿನ ತನ್ನ ಕೆಲಸ ನನ್ನ ತಲೆಗೆ ಕಟ್ಟಲು ಬಂದ ಸಹೋದ್ಯೋಗಿಗೆ. ಬ-ಬ-ಬ ಎಂದು ನಿಂತೆ. ಅವನು ಸಹಾಯ ಮಾಡಲೆಂದು ‘ಬರ್ತೀರಾ?’ ಎಂದು ಪೂರ್ತಿ ಮಾಡಿದ. ಹಳೆಯ ನಾನಾಗಿದ್ದರೆ ತಲೆಯಾಡಿಸಿ ಹೋಗಿಬಿಡುತ್ತಿದ್ದೆ. ನಿಂತೆ, ತುಟಿ ಸಡಿಲ ಬಿಟ್ಟೆ, ಮತ್ತೆ ಶುರು ಮಾಡಿ ಮುಗಿಸಿದೆ. ಅವನಿಗೆ ಬೇಸರವಾಯಿತು. ನನಗೂ ಕೆಟ್ಟದೆನಿಸಿತು. ಬೇಸರ ಮಾಡುವುದೂ ನನಗೆ ಹೊಸದು, ಅದಕ್ಕೆ ಏಣಿಯಲ್ಲಿ ಮೆಟ್ಟಿಲು ಹಾಕಿಕೊಂಡಿರಲಿಲ್ಲ.

ಉಗ್ಗು ಹೋಗಿಲ್ಲ. ನಿದ್ದೆಗೆಟ್ಟ ದಿನ ಹೆಚ್ಚು, ಅವಸರದಲ್ಲಿ ಹೆಚ್ಚು. ಕೆಲವು ದಿನ ಸೋತು ‘ಹೊತ್ತಗೆ’ ಎನ್ನುವುದೂ ಉಂಟು.

ಹೋದ ತಿಂಗಳು ಒಂದು ಸಭೆಯಲ್ಲಿ ವರದಿಯನ್ನು ಒಬ್ಬೊಬ್ಬರು ಒಂದು ಪ್ಯಾರಾ ಓದೋಣ ಎಂದರು. ಕೈ ತಾನಾಗಿ ಪುಟ ತಿರುಗಿಸಿತು, ತಲೆ ಎಣಿಸತೊಡಗಿದ್ದೆ, ನನ್ನದು ಏಳನೆಯದು. ಪ್ಯಾರಾಗಳನ್ನು ನಾಲ್ಕರವರೆಗೆ ಎಣಿಸಿ ಪುಟ ಹಿಂದಕ್ಕೆ ತಿರುವಿದೆ. ಸರದಿ ಬಂದಾಗ ಎರಡು ಕಡೆ ನಿಂತೆ, ಒಂದು ಕಡೆ ಚೆನ್ನಾಗಿಯೇ ನಿಂತೆ. ಐದನೆಯವರು ಓದಿದ ಅಂಕಿಯೊಂದು ತಪ್ಪಿದೆ ಎಂದು ಆಮೇಲೆ ನಾನೇ ಹೇಳಿದೆ.