ಅಚಾನಕ್ ದುಡ್ಡು ಬಂದರೆ ಹೊಸ ಕ್ಯಾಮೆರಾ ಬೇಡ, ಮೊದಲು ಲೆನ್ಸ್ ನೋಡಿ

ಮೆಣಸಿಗೆ ಒಳ್ಳೆ ರೇಟು ಸಿಕ್ಕಿತು, ಬೋನಸ್ ಬಂತು ಅಂತ ತಕ್ಷಣ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಬುಕ್ ಮಾಡಬೇಡಿ. ಒಂದು ವಾರ ದುಡ್ಡು ಬ್ಯಾಂಕಲ್ಲೇ ಇರಲಿ. ಅಷ್ಟರಲ್ಲಿ ನಿಮ್ಮ ಹಳೇ ಫೋಟೋಗಳನ್ನು ತೆಗೆದು, ಯಾವುದು ಯಾಕೆ ಕೆಟ್ಟಿದೆ ಅಂತ ನೋಡಿ.

ಬೇಲೂರು ದೇವಸ್ಥಾನದ ಒಳಗೆ ತೆಗೆದದ್ದೆಲ್ಲ ಶೇಕ್ ಆಗಿದ್ದರೆ ಅದು ಬಾಡಿಯ ತಪ್ಪಲ್ಲ, ಬೆಳಕು ಸಾಲದೇ ಆಗಿದ್ದು. ಕ್ಯಾಮೆರಾ ಜೊತೆಗೇ ಬರುವ ಮಾಮೂಲಿ 18–55 ಎಂಎಂ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕೆ ನಿಂತುಬಿಡುತ್ತದೆ (ಈ ಎಫ್ ಅಂಕಿ ಸಣ್ಣದಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ), ಆದರೆ 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ, ಬೆಲೆಯೂ ಹೊಸ ಕ್ಯಾಮೆರಾ ಬಾಡಿಗಿಂತ ತುಂಬಾ ಕಮ್ಮಿ. ಅಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆ ಅನುಮತಿ ಬೇಕು, ಹಾಗಾಗಿ ಲೆನ್ಸೇ ದಾರಿ.

ಭದ್ರಾ ಕಾಡಿನ ಹಕ್ಕಿ ತೆಗೆಯುವ ಆಸೆ ಇದ್ದರೆ ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸನ್ನು ಮೊದಲು ಬಾಡಿಗೆಗೆ ತಂದು ನೋಡಿ. ಅದರ ತೂಕ ಹೊತ್ತು ನಡೆಯೋದು ಎಲ್ಲರಿಗೂ ಆಗಲ್ಲ.

ಡ್ರೈ ಕ್ಯಾಬಿನೆಟ್ (ತೇವಾಂಶ ಕಮ್ಮಿ ಇಡುವ ಪೆಟ್ಟಿಗೆ) ಮಾತ್ರ ಖಂಡಿತ ತಗೊಳ್ಳಿ, ಪ್ಲೀಸ್. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬ್ಯಾಗಲ್ಲೇ ಇಟ್ಟ ಲೆನ್ಸಿಗೆ ಫಂಗಸ್ ಬೇಗ ಹಿಡಿಯುತ್ತದೆ. ಕ್ಯಾಬಿನೆಟ್ ಒಳಗಿನ ತೇವಾಂಶ ಶೇ. 40–50ರಲ್ಲಿ ಇರಲಿ.

ಉಳಿದಿದ್ದನ್ನು ತಿರುಗಾಟಕ್ಕೆ ಇಡಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಎರಡು ಮೂರು ದಿನ ಅಷ್ಟೇ ಇರುತ್ತದೆ, ಆಗ ರಜೆ ಹಾಕೋಕೆ ರೆಡಿ ಇರಿ.