ನೆಗೆಟಿವ್ ರಿಪೋರ್ಟನ್ನು ನಂಬೋಕೆ ನಾನು ಮಾಡಿದ್ದು

ಎಚ್‌ಐವಿ ಟೆಸ್ಟ್ ನೆಗೆಟಿವ್ ಬಂದ ದಿನ ಮನಸ್ಸು ಹಗುರಾಗುತ್ತದೆ. ಆಮೇಲೆ ಶುರು. ಲ್ಯಾಬಿನಲ್ಲಿ ಸ್ಯಾಂಪಲ್ ಅದಲುಬದಲಾಗಿದ್ದರೆ? ನನ್ನ ಮೈಯಲ್ಲಿ ಮಾತ್ರ ಆಂಟಿಬಾಡಿ ತಡವಾಗಿ ಬಂದರೆ? ಹೀಗೆ ಲ್ಯಾಬ್ ಬದಲಿಸಿ, ಊರು ಬದಲಿಸಿ ಮತ್ತೆ ಮತ್ತೆ ರಕ್ತ ಕೊಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನೂ ಅದರಲ್ಲೇ ತುಂಬಾ ಕಾಲ ಸಿಕ್ಕಿಕೊಂಡಿದ್ದೆ.

ಮೊದಲು ವಿಂಡೋ ಪೀರಿಯಡ್ ಲೆಕ್ಕ, ಅಂದರೆ ರಿಸ್ಕ್ ಆದ ಮೇಲೆ ಎಷ್ಟು ದಿನ ಕಳೆದರೆ ನೆಗೆಟಿವ್ ರಿಪೋರ್ಟನ್ನು ನಂಬಬಹುದು ಅನ್ನುವುದು. ಫೋರ್ತ್ ಜನರೇಶನ್ ಟೆಸ್ಟ್ ಆಂಟಿಬಾಡಿ ಜೊತೆಗೆ ವೈರಸ್ಸಿನದೇ ಒಂದು ಭಾಗವಾದ ಪಿ24 ಆಂಟಿಜೆನ್ನನ್ನೂ ಹುಡುಕುತ್ತದೆ. ಲ್ಯಾಬಿನಲ್ಲಿ ಮಾಡುವ ಈ ಟೆಸ್ಟಿಗೆ 45 ದಿನ, ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಟೆಸ್ಟಿಗೆ 90 ದಿನ. ರಿಸ್ಕ್ ಆದ ಕೂಡಲೇ ಸೋಂಕು ತಡೆಯೋಕೆ ಕೊಡುವ ಪಿಇಪಿ ಮಾತ್ರೆ ತಗೊಂಡವರ ಲೆಕ್ಕ ಬೇರೆ, ಡಾಕ್ಟರನ್ನೇ ಕೇಳಿ. ನನ್ನ ರಿಪೋರ್ಟ್ ಎರಡೂ ಗಡುವು ದಾಟಿತ್ತು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಕೌನ್ಸೆಲರ್ ಕೇಳಿದ್ದು ಒಂದೇ ಪ್ರಶ್ನೆ: "ಆಮೇಲೆ ಮತ್ತೇನಾದರೂ ರಿಸ್ಕ್ ಆಯ್ತಾ?" ಇಲ್ಲ ಅಂದೆ. "ಹಾಗಿದ್ರೆ ಇನ್ನು ಟೆಸ್ಟ್ ಬೇಡ, ಮನೋವೈದ್ಯರನ್ನು ನೋಡಿ" ಅಂದರು.

ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಮನೋವೈದ್ಯರ ಹತ್ತಿರ ಸಿಕ್ಕಿದ್ದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ. ಅಲ್ಲಿ ಅರ್ಥವಾದದ್ದು ಇದು: ಭಯ ಬರುತ್ತದೆ, ಟೆಸ್ಟ್ ಮಾಡಿಸುತ್ತೇನೆ, ಸ್ವಲ್ಪ ಹೊತ್ತು ಆರಾಮ ಸಿಗುತ್ತದೆ, ಆ ಆರಾಮದ ರುಚಿ ಹತ್ತಿದ ಮನಸ್ಸು ಮುಂದಿನ ಸಲ ಇನ್ನೂ ಬೇಗ ಭಯಪಡುತ್ತದೆ. ಅಂದರೆ ಅನುಮಾನವನ್ನು ಸಾಕುತ್ತಿದ್ದದ್ದೇ ಟೆಸ್ಟ್. ಹಾಗಾಗಿ ಮಾಡಬೇಕಿದ್ದದ್ದು ಇಷ್ಟೇ, ಭಯ ಬಂದಾಗ ಏನೂ ಮಾಡದೆ ಇರುವುದು. ಕೇಳೋಕೆ ಸುಲಭ, ಮೊದಮೊದಲು ತುಂಬಾ ಕಷ್ಟ.

ರೋಗದ ಲಕ್ಷಣ ಇದೆಯಾ ಅಂತ ಕುತ್ತಿಗೆಯ ಗಂಟು ಮುಟ್ಟಿ ನೋಡುವುದನ್ನು ಬಿಟ್ಟೆ. ಸುಮ್ನೆ ಒತ್ತುತ್ತಲೇ ಇದ್ದರೆ ಅಲ್ಲಿ ನೋವು ಬಂದೇ ಬರುತ್ತದೆ. ಬೆವರು, ಹೊಟ್ಟೆ ಕೆಡುವುದು, ನಿದ್ದೆ ಬಾರದಿರುವುದು ಇವೆಲ್ಲ ಆತಂಕಕ್ಕೂ ಆಗುತ್ತವೆ. ಗೂಗಲ್ ಮಾಡುವ ಆಸೆ ಬಂದಾಗ "ಸಂಜೆ ನೋಡೋಣ" ಅಂತ ಮುಂದೂಡಿದೆ, ಸಂಜೆಗೆ ಆ ಒತ್ತಡ ಎಷ್ಟೋ ಸಲ ಇಳಿದಿರುತ್ತಿತ್ತು. "ನಿನಗೇನೂ ಆಗಿಲ್ಲ" ಅಂತ ಧೈರ್ಯ ಹೇಳುತ್ತಿದ್ದ ಗೆಳೆಯನಿಗೂ ಹೇಳಿದೆ, ಇನ್ನು ಕೇಳಿದರೆ ಉತ್ತರ ಕೊಡಬೇಡ, ಟೀ ಕುಡಿಯೋಣ ಬಾ ಅನ್ನು ಅಂತ. ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ತಗೊಂಡೆ. ಅದರಲ್ಲಿ ನಾಚಿಕೆ ಯಾಕೆ?

ಜ್ವರ ಬಂದಾಗ ಈಗಲೂ ಆ ಯೋಚನೆ ಬರುತ್ತದೆ. ಅದರ ಜೊತೆ ವಾದ ಮಾಡುವುದಿಲ್ಲ.

ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿ ಬಗ್ಗೆಯೇ ಕೇಳುವುದಿದ್ದರೆ 1097. ಆದರೆ ಟೆಸ್ಟ್ ಎಲ್ಲಿ ಮಾಡಿಸಲಿ ಅಂತ ಕೇಳಬೇಡಿ, ರಿಪೋರ್ಟ್ ನೆಗೆಟಿವ್ ಇದೆ, ನಂಬೋಕೆ ಆಗುತ್ತಿಲ್ಲ ಅಂತ ಹೇಳಿ.