ಪೋಲೆಂಡಿನ ಭೂಗತ ಪತ್ರಿಕೆಗಳ 'ರಾಮ್ಕಾ': ಮಾಡುವುದು ಹೇಗೆ, ಅಚ್ಚು ಹಾಕುವುದು ಹೇಗೆ

1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೇನಾ ಕಾನೂನು ಜಾರಿಯಾಗಿ ಸಾಲಿಡಾರಿಟಿ ಕಾರ್ಮಿಕ ಸಂಘದ ಸಾವಿರಾರು ಮಂದಿ ಬಂಧನಕ್ಕೊಳಗಾದರು. ಎರಡೇ ತಿಂಗಳಲ್ಲಿ ವಾರ್ಸಾದಲ್ಲಿ 'ತಿಗೋದ್ನಿಕ್ ಮಜೋವ್ಷೆ' ಎಂಬ ಭೂಗತ ವಾರಪತ್ರಿಕೆ ಶುರುವಾಯಿತು. ಹೆಲೆನಾ ವುಚಿವೊ ಮತ್ತು ಅವರ ಸಂಗಾತಿ ಮಹಿಳೆಯರು ಅದನ್ನು 1989ರವರೆಗೆ ನಡೆಸಿದರು. ಆಗಿನ ಭೂಗತ ಮುದ್ರಣದಲ್ಲಿ ಆಫ್‌ಸೆಟ್ ಯಂತ್ರವೂ ಇತ್ತು, ಸೈಕ್ಲೋಸ್ಟೈಲ್ ಕೂಡ ಇತ್ತು. ಆದರೆ ಯಾರ ಅಡುಗೆಮನೆಯಲ್ಲಾದರೂ ನಡೆಯುತ್ತಿದ್ದದ್ದು 'ರಾಮ್ಕಾ', ಅಂದರೆ ಬಟ್ಟೆ ಬಿಗಿದ ಮರದ ಚೌಕಟ್ಟು. ನಮ್ಮಲ್ಲಿ ಲಗ್ನಪತ್ರಿಕೆ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಇದು ಹೊಸತೇನಲ್ಲ.

ಎ4 ಹಾಳೆಗೆ ಒಳಅಳತೆ ಸುಮಾರು 27×37 ಸೆಂ.ಮೀ. ಇರುವ ಚೌಕಟ್ಟು ಸಾಕು. ಸ್ಕ್ರೀನ್ ಬಟ್ಟೆಯನ್ನು ಎದುರುಬದುರು ಬದಿಗಳ ನಡುವಿನಿಂದ ಮೂಲೆಯ ಕಡೆಗೆ ಎಳೆಯುತ್ತಾ ಪಿನ್ ಹೊಡೆಯಿರಿ. ಬಟ್ಟೆ ಸಡಿಲವಿದ್ದರೆ ಅಕ್ಷರ ಎರಡೆರಡಾಗಿ ಮೂಡುತ್ತದೆ. ಪ್ರತಿಗಳು ಹಾಳಾಗುವುದಕ್ಕೆ ಇದೂ ಒಂದು ಕಾರಣ. ಚೌಕಟ್ಟನ್ನು ಎರಡು ಕೀಲುಗಳಿಂದ ಹಲಗೆಗೆ ಸೇರಿಸಿ, ಕಾಗದ ಪ್ರತಿಸಲ ಒಂದೇ ಜಾಗದಲ್ಲಿ ಕೂರುವಂತೆ ಹಲಗೆಯ ಮೇಲೆ ದಪ್ಪ ರಟ್ಟಿನ ಮೂಲೆಯೊಂದನ್ನು ಅಂಟಿಸಿ.

ಅಚ್ಚು ಮೂಡಿಸುವುದು ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆ. ಟೈಪ್‌ರೈಟರಿನ ರಿಬ್ಬನ್ ತಪ್ಪಿಸಿ ಹೊಡೆದರೆ ಅಕ್ಷರದ ಗೆರೆ ಮಾತ್ರ ಕೊರೆದು, ಶಾಯಿ ಅಲ್ಲಿಂದ ಇಳಿಯುತ್ತದೆ. ಜೋರಾಗಿ ಹೊಡೆದರೆ 'o' ಥರದ ಅಕ್ಷರಗಳ ನಡುಭಾಗವೇ ಕಿತ್ತುಬಂದು ಮುದ್ರಣದಲ್ಲಿ ಕಪ್ಪು ಚುಕ್ಕಿಯಾಗುತ್ತದೆ. ಕನ್ನಡಕ್ಕೆ ಕೈಬರಹವೇ ವಾಸಿ: ಹಾಳೆಯ ಕೆಳಗೆ ಗಟ್ಟಿ ತಟ್ಟೆ ಇಟ್ಟು, ಶಾಯಿ ಇಲ್ಲದ ಬಾಲ್‌ಪೆನ್ನಿನಿಂದ ಬರೆಯಿರಿ. ಒತ್ತಕ್ಷರಗಳು ಶಾಯಿ ತುಂಬಿ ಮುಚ್ಚಿಹೋಗದಂತೆ ಸಾಲುಗಳ ನಡುವೆ ಕನಿಷ್ಠ 8 ಮಿ.ಮೀ. ಬಿಡಿ. ಸ್ಟೆನ್ಸಿಲ್ ಹಾಳೆ ಸಿಗದಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಎಕ್ಸ್‌ಪೋಸ್ ಮಾಡಿಸಿ, ಅಂದರೆ ಬಟ್ಟೆಯ ಮೇಲೇ ಬೆಳಕಿನಿಂದ ಬರಹ ಮೂಡಿಸಿ ತನ್ನಿ.

ಹಾಳೆಯನ್ನು ಬಟ್ಟೆಯ ಅಡಿಗೆ, ಮೇಲಿಂದ ನೋಡಿದರೆ ಬರಹ ನೇರವಾಗಿ ಕಾಣುವಂತೆ ಹಿಡಿದು, ನಾಲ್ಕು ಅಂಚಿಗೂ ಟೇಪ್ ಹಾಕಿ. ಶಾಯಿ ಸಿಗದಿದ್ದಾಗ ಪೋಲೆಂಡಿನವರು 'ಕೊಂಫೋರ್ಟ್' ಎಂಬ ಬಟ್ಟೆ ಒಗೆಯುವ ಪೇಸ್ಟಿಗೆ ಬಣ್ಣ ಬೆರೆಸಿಕೊಂಡರು. ನಮಗೆ ಸ್ಕ್ರೀನ್ ಪ್ರಿಂಟಿಂಗ್ ಶಾಯಿ ಸುಲಭವಾಗಿ ಸಿಗುತ್ತದೆ. ಗಟ್ಟಿ ಮೊಸರಿನ ಹದ ಇರಲಿ. ನೀರಾದರೆ ಅಕ್ಷರ ಹರಡುತ್ತದೆ, ತೀರ ಗಟ್ಟಿಯಾದರೆ ಬಟ್ಟೆಯ ರಂಧ್ರ ಕಟ್ಟುತ್ತದೆ. ಚೌಕಟ್ಟಿನ ಅಡಿಗೆ ಕಾಗದ ಇಟ್ಟು, ಬಟ್ಟೆಯ ಮೇಲೆ ಶಾಯಿ ಹಾಕಿ, ಸ್ಕ್ವೀಜಿಯನ್ನು (ಶಾಯಿ ಎಳೆಯುವ ರಬ್ಬರ್ ಪಟ್ಟಿ) ಓರೆಯಾಗಿ ಹಿಡಿದು ಒಂದೇ ಒತ್ತಡದಲ್ಲಿ ಎಳೆಯಿರಿ. ಮೊದಲ ಐದಾರು ಪ್ರತಿ ಹಳೇ ಪೇಪರಿನ ಮೇಲೆ ತೆಗೆಯಿರಿ. ಸ್ಟೆನ್ಸಿಲ್ ಬಟ್ಟೆಗೆ ಹಿಡಿದುಕೊಳ್ಳುವುದು ಆಗಲೇ. ನೀರು ಮಿಶ್ರಿತ ಶಾಯಿಯಾದರೆ ನಡುವೆ ಚಹಾ ಕುಡಿಯಲು ಏಳಬೇಡಿ, ಬಟ್ಟೆಯಲ್ಲೇ ಒಣಗಿಬಿಡುತ್ತದೆ. ನುಣುಪು ಕಾಗದ ಬೇಡ, ಶಾಯಿ ಹೀರದೆ ಮೇಲಿನ ಪ್ರತಿಯ ಬೆನ್ನಿಗೆ ಮೆತ್ತುತ್ತದೆ.

ಇಷ್ಟು ಕಷ್ಟಪಟ್ಟ ಮೇಲೆ ಹಾಳೆಯಲ್ಲಿ ಏನಿರಬೇಕು? 1977ರಲ್ಲಿ ಶುರುವಾದ 'ರೊಬೋತ್ನಿಕ್' ಪತ್ರಿಕೆ ಕಾರ್ಖಾನೆಯ ಸಂಬಳ, ಕೆಲಸದ ಹೊತ್ತು, ಅಪಘಾತಗಳ ಬಗ್ಗೆ ಬರೆಯಿತು. 1979ರಲ್ಲಿ ಅದು ಪ್ರಕಟಿಸಿದ ಕಾರ್ಮಿಕ ಹಕ್ಕುಗಳ ಸನ್ನದಿಗೆ ಸಹಿ ಹಾಕಿದವರಲ್ಲಿ ಕೆಲವರು ಮರುವರ್ಷ ಗ್ದಾನ್ಸ್ಕ್ ನಗರದ ಹಡಗು ಕಟ್ಟುವ ಕಾರ್ಖಾನೆಯ ಮುಷ್ಕರದಲ್ಲಿ ಮುಂದೆ ನಿಂತರು. ಓದುಗನ ಕೈಗೆ ಬಳಸಬಹುದಾದ ಸುದ್ದಿ ಸಿಕ್ಕಿತ್ತು, ಪತ್ರಿಕೆಯ ಬಲ ಅದು. ಆದ್ದರಿಂದ ಯಾರು, ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಇಬ್ಬರಿಂದ ಖಚಿತಪಡಿಸಿಕೊಂಡೇ ಬರೆಯಿರಿ. ಒಂದು ತಪ್ಪು ಅಂಕಿ ಸಿಕ್ಕರೆ ಸಾಕು, ಎದುರಾಳಿ ಇಡೀ ಹಾಳೆಯನ್ನು ಸುಳ್ಳೆನ್ನುತ್ತಾನೆ.

ಹಣ ಕೊಟ್ಟವರ ಪಟ್ಟಿಗೆಂದು ಹಾಳೆಯ ಅಡಿಯಲ್ಲಿ ಎರಡು ಸಾಲು ಬಿಡಿ. ಪೋಲೆಂಡಿನ ಭೂಗತ ಪತ್ರಿಕೆಗಳು ಹಣ ಕೊಟ್ಟವರ ಗುಪ್ತನಾಮ ಮತ್ತು ಮೊತ್ತವನ್ನು ಅಚ್ಚು ಹಾಕುತ್ತಿದ್ದವು. ಕೊಟ್ಟವರಿಗೆ ಅದೇ ರಸೀದಿ, ಹಣ ತಂದವನು ನುಂಗಿಲ್ಲ ಎಂಬುದಕ್ಕೂ ಅದೇ ಸಾಕ್ಷಿ. ಇಂದು ನೀವು ಮಾಡುವ ಹಾಳೆಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಮತ್ತು ಊರು ಹಾಕಿ. ನಿಯತವಾಗಿ ಹೊರತರುವುದಾದರೆ ಭಾರತದ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆಯಡಿ ನೋಂದಣಿ ಮಾಡಿಸಿ.